ಒಂದು ಪದದೊಳಗೆ ಎಷ್ಟು ಪದ?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ಫೋನ್ ಮಾಡಿದಾಗ, "ನೀನು ಸಾಫ್ಟ್‌ವೇರಿನಲ್ಲಿ ಇದ್ದೀಯ, ಕೃತಕ ಬುದ್ಧಿಮತ್ತೆ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಪ್ಪ" ಎಂದರು. ಆ ವಿಷಯದ ಬಗ್ಗೆ ಈಗ ಮಾತಾಡದವರೇ ಇಲ್ಲ, ಟಿವಿ ಹಾಕಿದರೆ ಅದೇ. ಅದರ ಬದಲು ಈ ಶಾಲೆಯಲ್ಲೇ ಕಲಿತ, ಆಮೇಲೆ ನನಗೆ ಅನ್ನ ಕೊಟ್ಟ ಒಂದು ಆಟದ ಬಗ್ಗೆ ಹೇಳುತ್ತೇನೆ ಎಂದು ಒಪ್ಪಿಸಿದೆ. ಆಟ ಇಷ್ಟೇ: ಕೆಲವು ಇಂಗ್ಲಿಷ್ ಅಕ್ಷರ ಕೊಡುತ್ತಾರೆ, ಆ ಅಕ್ಷರಗಳಿಂದ ಆಗುವ ಪದಗಳನ್ನು ಹುಡುಕಬೇಕು. ಭಾಷಣದ ದಿನ ಕರಿಹಲಗೆ ತರಿಸಿ ಬರೆದು ತೋರಿಸಿದೆ. ಅಚ್ಚಿಗೆ ಕೊಡುವಾಗ ಅಕ್ಷರಗಳ ಹೆಸರನ್ನೇ ಬರೆದಿದ್ದೇನೆ. ಮನೆಯಲ್ಲಿ ಓದುವವರು ಪೆನ್ಸಿಲ್ ಹಿಡಿದು ಕೂತರೆ ಒಳ್ಳೆಯದು.

ನಾನು ಇಲ್ಲಿ ಓದಿದ್ದು 2001ರಿಂದ 2004ರವರೆಗೆ. ನಮ್ಮ ಕಾಲಕ್ಕೆ ಐದನೇ ತರಗತಿಯಲ್ಲಿ ಎ ಬಿ ಸಿ ಡಿ ಶುರು. ಎಂಟನೇ ತರಗತಿಗೆ ಬಂದಾಗ ಇಂಗ್ಲಿಷ್ ಪದ ಎಂದರೆ ನಮಗೆ ಒಂದು ಇಡೀ ಕಲ್ಲುಚಪ್ಪಡಿ. ಅದನ್ನು ಹಾಗೇ ಹೊತ್ತುಕೊಂಡು ಹೋಗಿ ಉತ್ತರಪತ್ರಿಕೆಯಲ್ಲಿ ಇಳಿಸಬೇಕು. ಮಧ್ಯದಲ್ಲಿ ಒಂದು ಅಕ್ಷರ ಜಾರಿದರೆ ಪೂರ್ತಿ ಚಪ್ಪಡಿಯೇ ಒಡೆದಂತೆ. ಕನ್ನಡದಲ್ಲಿ ಹೇಗೆ ಹೇಳುತ್ತೇವೋ ಹಾಗೆ ಬರೆಯುತ್ತೇವೆ, ಇಲ್ಲಿ ಹೇಳುವುದೊಂದು, ಬರೆಯುವುದೊಂದು. 'ನೈಟ್' ಎನ್ನುವುದಕ್ಕೆ ಮಧ್ಯದಲ್ಲಿ ಜಿ ಯಾಕೆ, ಎಚ್ ಯಾಕೆ ಎಂದು ಕೇಳಿದರೆ ಯಾರೂ ಹೇಳುತ್ತಿರಲಿಲ್ಲ.

ಒಂದು ಮಧ್ಯಾಹ್ನ, ಊಟ ಆದ ಮೇಲಿನ ಮೊದಲ ಪೀರಿಯಡ್ಡು. ಎಲ್ಲರಿಗೂ ತೂಕಡಿಕೆ. ನಮ್ಮ ಇಂಗ್ಲಿಷ್ ಮೇಷ್ಟ್ರು ಪುಸ್ತಕ ಮುಚ್ಚಿಟ್ಟು ಬೋರ್ಡಿನ ಮೇಲೆ ದೊಡ್ಡದಾಗಿ 'ಎಜುಕೇಷನ್' ಎಂದು ಇಂಗ್ಲಿಷಿನಲ್ಲಿ ಬರೆದರು. ಇ, ಡಿ, ಯು, ಸಿ, ಎ, ಟಿ, ಐ, ಓ, ಎನ್. ಒಂಬತ್ತು ಅಕ್ಷರ, ಯಾವುದೂ ಎರಡು ಸಲ ಇಲ್ಲ. "ಇದರೊಳಗೆ ಇರೋ ಅಕ್ಷರಗಳನ್ನೇ ಬಳಸಿ ಬೇರೆ ಪದ ಬರೀರಿ. ಹೆಚ್ಚು ಬರೆದವರಿಗೆ ಒಂದು ಪೆನ್ನು" ಎಂದರು. ತೂಕಡಿಕೆ ಹೋಯಿತು. ಕ್ಯಾಟ್, ಟೀ, ಈಟ್, ಟೆನ್, ನೆಟ್, ಆ್ಯಂಟ್, ಎಂಡ್. ಸ್ವಲ್ಪ ಹೊತ್ತಿಗೆ ಡ್ಯಾನ್ಸ್ ಬಂತು, ನೋಟಿಸ್ ಬಂತು. ನೋಟಿಸ್ ಸಿಕ್ಕಿದಾಗ ನಮಗೆಲ್ಲ ಆಶ್ಚರ್ಯ. ಅದು ಪಂಚಾಯ್ತಿಯ ಪದ, ಶಿಕ್ಷಣದೊಳಗೆ ಹೇಗೆ ಬಂತು ಅಂತ.

ನಾನು ಹೆಮ್ಮೆಯಿಂದ ಎದ್ದು 'ಆಕ್ಷನ್' ಎಂದೆ. ಅಪ್ಪನ ಜೊತೆ ತಿಪಟೂರಿನ ಎಪಿಎಂಸಿಗೆ ಕೊಬ್ಬರಿ ಹಾಕಲು ಹೋಗುತ್ತಿದ್ದವನು ನಾನು, ಹರಾಜಿಗೆ ಆಕ್ಷನ್ ಅನ್ನುತ್ತಾರೆ ಎಂದು ಗೊತ್ತಿತ್ತು. ಮೇಷ್ಟ್ರು ಬರೆಯಲು ಹೇಳಿದರು. ಎ, ಸಿ, ಟಿ, ಐ, ಓ, ಎನ್ ಎಂದು ಬರೆದೆ. "ಅರ್ಥ ಹೇಳು." "ಹರಾಜು ಸಾರ್." ಅವರು ನಗಲಿಲ್ಲ. "ನೀನು ಬರೆದಿರೋದು ಸಿನಿಮಾದಲ್ಲಿ ಡೈರೆಕ್ಟರ್ ಕೂಗೋ ಆಕ್ಷನ್. ಹರಾಜಿನ ಆಕ್ಷನ್‌ಗೆ ಎ ಆದಮೇಲೆ ಒಂದು ಯು ಬೇಕು. ಬೋರ್ಡಲ್ಲಿ ಯು ಇದೆಯಾ ನೋಡು." ಇತ್ತು! "ಹಾಗಾದರೆ ನಿನಗೆ ಎರಡು ಪದ" ಎಂದರು. ಕಿವಿಗೆ ಒಂದೇ ಆಗಿದ್ದದ್ದು ಕಣ್ಣಿಗೆ ಎರಡಾಯಿತು. ತಪ್ಪು ಬರೆದು ಎರಡು ಅಂಕ ಗಿಟ್ಟಿಸಿದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಪೆನ್ನು ಮಾತ್ರ ನನಗೆ ಸಿಗಲಿಲ್ಲ. ಸಿಕ್ಕಿದ್ದು ನನ್ನ ಪಕ್ಕ ಕೂರುತ್ತಿದ್ದ ಗೆಳೆಯನಿಗೆ. ಅವನ ಹೆಸರು ಹೇಳಬೇಡ ಎಂದು ಬೆಳಗ್ಗೆಯೇ ನನ್ನಿಂದ ಮಾತು ತೆಗೆದುಕೊಂಡಿದ್ದಾನೆ, ಹಾಗಾಗಿ ಹೇಳುವುದಿಲ್ಲ. ಅವನು ಈಗ ಪೆಂಡಾಲಿನ ಹಿಂದೆ ಊಟದ ವ್ಯವಸ್ಥೆ ನೋಡುತ್ತಿದ್ದಾನೆ.

ಅವನ ಪದ್ಧತಿ ನಮ್ಮೆಲ್ಲರಿಗಿಂತ ಬೇರೆ. ನಾವೆಲ್ಲ ಅಕ್ಷರಗಳನ್ನು ಹಿಂದೆ ಮುಂದೆ ಮಾಡಿ, ಏನಾದರೂ ಪದ ಆಗುತ್ತದಾ ಎಂದು ಒದ್ದಾಡುತ್ತಿದ್ದೆವು. ಅವನು ಅಕ್ಷರ ಮುಟ್ಟುತ್ತಲೇ ಇರಲಿಲ್ಲ. ಪಠ್ಯಪುಸ್ತಕದ ಹಿಂಭಾಗದ ಪದಪಟ್ಟಿ ತೆಗೆದು, ಒಂದೊಂದೇ ಪದದ ಮೇಲೆ ಬೆರಳಿಟ್ಟು, "ಇದಕ್ಕೆ ಬೇಕಾದ ಸಾಮಾನು ನಮ್ಮ ಹತ್ತಿರ ಇದೆಯಾ?" ಎಂದು ನೋಡುತ್ತಿದ್ದ. ಅವರ ಮನೆಯಲ್ಲಿ ಸಣ್ಣ ಅಂಗಡಿ ಇತ್ತು, ದಾಸ್ತಾನು ಲೆಕ್ಕ ಅವನೇ ಬರೆಯುತ್ತಿದ್ದ. ಅದೇ ಬುದ್ಧಿ. ಆಮೇಲೆ ಮೇಷ್ಟ್ರು ವಾರಕ್ಕೊಮ್ಮೆ ಈ ಆಟ ಆಡಿಸಲು ಶುರು ಮಾಡಿದಾಗ ಅವನೇ ಅಂಪೈರ್ ಆದ. ಒಂಬತ್ತನೇ ತರಗತಿಯಲ್ಲಿ ಒಂದು ದಿನ 'ಕೋಕೊನಟ್' ಕೊಟ್ಟಿದ್ದರು. ಸಿ, ಓ, ಸಿ, ಓ, ಎನ್, ಯು, ಟಿ. ನಟ್, ಕಟ್, ಔಟ್ ಎಲ್ಲ ಆಯಿತು. ಯಾರೋ ಒಬ್ಬಳು ಹುಡುಗಿ ಕೌಂಟ್ ಹುಡುಕಿದಳು. ತೆಂಗಿನಕಾಯಿಯೊಳಗೆ ಎಣಿಕೆ ಇದೆ ಎಂದು ಎಲ್ಲ ಚಪ್ಪಾಳೆ ತಟ್ಟಿದೆವು. ನಾನು 'ಕೊಕೂನ್' ಎಂದೆ, ರೇಷ್ಮೆಗೂಡು. ಅಂಪೈರ್ ಬೆರಳೆತ್ತಿದ: "ಔಟ್. ಕೊಕೂನಿಗೆ ಓ ಮೂರು ಬೇಕು. ಇರೋದು ಎರಡೇ."

ಈ ಮೂರನೇ ಓ ಬಗ್ಗೆ ಇನ್ನೊಮ್ಮೆ ಹೇಳಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಎಸ್ಸೆಸ್ಸೆಲ್ಸಿ ಬಂತು. ಇಂಗ್ಲಿಷ್ ಪೇಪರಿನಲ್ಲಿ ಈ ಆಟಕ್ಕೆ ಅಂಕ ಇರಲಿಲ್ಲ. ಪ್ರಬಂಧ, ಪತ್ರ, ಪದ್ಯದ ಸಾರಾಂಶ. ನನಗೆ ಬಾಯಿಪಾಠ ಬರುತ್ತಿತ್ತು, ಪಾಸಾದೆ. ಅವನಿಗೆ ಬರುತ್ತಿರಲಿಲ್ಲ. ಇಂಗ್ಲಿಷ್ ಒಂದರಲ್ಲೇ ಆರು ಅಂಕ ಕಡಿಮೆ ಬಿತ್ತು. ಇನ್ನೊಂದು ಸಲ ಕಟ್ಟಿದ, ಆಗಲಿಲ್ಲ, ಅಂಗಡಿಯಲ್ಲಿ ಕೂತ. ನಾನು ಪಿಯುಸಿಗೆ ಹೋದೆ, ಬಿಇಗೆ ಹೋದೆ.

2009ರಲ್ಲಿ ನಮ್ಮ ಕಾಲೇಜಿಗೆ ಕಂಪನಿಗಳು ಬಂದವು. ಸಂದರ್ಶನದಲ್ಲಿ ಎದುರಿಗೆ ಕೂತವರು ಒಂದು ಹಾಳೆ ಕೊಟ್ಟು ಕೇಳಿದ ಮೊದಲ ಪ್ರಶ್ನೆ: "ನಿಮಗೆ ಒಂದಿಷ್ಟು ಅಕ್ಷರ ಕೊಡುತ್ತೇನೆ. ಒಂದು ಡಿಕ್ಷನರಿಯೂ ಇದೆ. ಆ ಅಕ್ಷರಗಳಿಂದ ಮಾಡಬಹುದಾದ ಎಲ್ಲ ಪದಗಳನ್ನೂ ಹುಡುಕುವ ಪ್ರೋಗ್ರಾಂ ಹೇಗೆ ಬರೆಯುತ್ತೀರಿ?"

ನನಗೆ ನಗು ಬಂತು, ಕೈ ನಡುಗುವುದು ನಿಂತಿತು. ಆದರೂ ಮೊದಲು ದಡ್ಡ ಉತ್ತರವನ್ನೇ ಕೊಟ್ಟೆ. ಅಕ್ಷರಗಳನ್ನು ಎಲ್ಲ ರೀತಿಯಲ್ಲೂ ಜೋಡಿಸುತ್ತೇನೆ, ಪ್ರತಿ ಜೋಡಣೆಯನ್ನೂ ಡಿಕ್ಷನರಿಯಲ್ಲಿ ನೋಡುತ್ತೇನೆ ಎಂದೆ. "ಎಷ್ಟು ಜೋಡಣೆ ಆಗುತ್ತೆ?" ಎಂದರು. ಮಕ್ಕಳೇ, ಈ ಲೆಕ್ಕ ನೀವೂ ಮಾಡಬಹುದು. ಎ, ಇ, ಟಿ ಮೂರು ಅಕ್ಷರ ಇದ್ದರೆ ಮೊದಲ ಜಾಗಕ್ಕೆ ಮೂರು ಆಯ್ಕೆ, ಎರಡನೆಯದಕ್ಕೆ ಎರಡು, ಕೊನೆಗೆ ಒಂದು. ಗುಣಿಸಿದರೆ ಆರು ಜೋಡಣೆ. ಆರರಲ್ಲಿ ಟೀ, ಈಟ್, ಏಟ್ ಇವು ನಮಗೆಲ್ಲ ಗೊತ್ತಿರುವ ಪದಗಳು. ಎಜುಕೇಷನ್‌ನ ಒಂಬತ್ತನ್ನೂ ಬಳಸಿ ಜೋಡಿಸಿದರೆ 3,62,880. ಒಂದಕ್ಷರ, ಎರಡಕ್ಷರ, ಮೂರಕ್ಷರ ಎಂದು ಚಿಕ್ಕ ಜೋಡಣೆಗಳನ್ನೂ ಸೇರಿಸಿದರೆ 9,86,409. ಕಂಪ್ಯೂಟರಿಗೆ ಇದು ಕಷ್ಟವಲ್ಲ. ಆದರೆ ಅವರು ಬಿಡಲಿಲ್ಲ. "ಹದಿನೈದು ಅಕ್ಷರ ಕೊಟ್ಟರೆ?" ಎಂದರು. ಹದಿನೈದೂ ಬೇರೆ ಬೇರೆ ಆಗಿದ್ದರೆ, ಎಲ್ಲವನ್ನೂ ಬಳಸುವ ಜೋಡಣೆಗಳೇ ಒಂದು ಲಕ್ಷದ ಮೂವತ್ತು ಸಾವಿರ ಕೋಟಿಗಿಂತ ಹೆಚ್ಚು. ಅದರಲ್ಲಿ ನಿಜವಾದ ಪದ ಒಂದೋ ಎರಡೋ, ಅಥವಾ ಒಂದೂ ಇಲ್ಲ.

ಆಗ ನನಗೆ ಪದಪಟ್ಟಿಯ ಮೇಲಿನ ಆ ಬೆರಳು ಕಣ್ಣಮುಂದೆ ಬಂತು. ಇಂಗ್ಲಿಷಿನಲ್ಲಿ ಜೋಡಣೆಗಳಿಗೆ ಕೊನೆ ಇಲ್ಲ, ಪದಗಳಿಗೆ ಕೊನೆ ಇದೆ. ಮ್ಯಾಕ್ ಕಂಪ್ಯೂಟರಿನಲ್ಲಿ 'ವರ್ಡ್ಸ್' ಎಂಬ ಒಂದು ಕಡತ ಮೊದಲೇ ಇರುತ್ತದೆ, 1934ರ ವೆಬ್‌ಸ್ಟರ್ ನಿಘಂಟಿನಿಂದ ತೆಗೆದ ಪದಗಳು, 2 ಲಕ್ಷ 30 ಸಾವಿರಕ್ಕೂ ಹೆಚ್ಚು. ಅಕ್ಷರ ಒಂಬತ್ತು ಕೊಡಲಿ, ಹದಿನೈದು ಕೊಡಲಿ, ಪದಪಟ್ಟಿ ಅಷ್ಟೇ ಇರುತ್ತದೆ. ಹಾಗಾಗಿ ಅಕ್ಷರದಿಂದ ಪದಕ್ಕೆ ಹೋಗುವ ಬದಲು ಪದದಿಂದ ಅಕ್ಷರಕ್ಕೆ ಬರಬೇಕು. ಪ್ರತಿ ಪದವನ್ನೂ ಎತ್ತಿಕೊಂಡು, ಎ ಎಷ್ಟು ಬೇಕು, ಬಿ ಎಷ್ಟು ಬೇಕು ಎಂದು ಎಣಿಸಿ, ನಮ್ಮ ದಾಸ್ತಾನಿನಲ್ಲಿ ಅಷ್ಟು ಇದೆಯೇ ನೋಡಬೇಕು. ಒಂದು ಕಡಿಮೆ ಬಿದ್ದರೂ ಆ ಪದ ಔಟ್. ಇದನ್ನು ಹೇಳಿದೆ. ಅವರು ತಲೆಯಾಡಿಸಿ, "ಇದು ನಿಮಗೆ ಹೇಗೆ ಹೊಳೆಯಿತು?" ಎಂದು ಕೇಳಿದರು.

ನಾನು "ಯೋಚನೆ ಮಾಡಿದೆ ಸರ್" ಎಂದೆ.

ಅದು ಸುಳ್ಳು. ಕೆಲಸ ಸಿಕ್ಕಿತು. ಊರಿಗೆ ಬಂದು ಎಲ್ಲರಿಗೂ ಸಿಹಿ ಹಂಚಿದೆ, ಅವನಿಗೂ ಕೊಟ್ಟೆ. ಆದರೆ ಯಾವ ಪ್ರಶ್ನೆ ಕೇಳಿದರು, ಯಾರ ಉತ್ತರ ಹೇಳಿದೆ ಎಂದು ಅವನಿಗೆ ಹೇಳಲಿಲ್ಲ. ಹದಿನೈದು ವರ್ಷದಿಂದ ಹೇಳಿಲ್ಲ. ಯಾಕೆ ಎಂದು ನನಗೇ ಗೊತ್ತಿಲ್ಲ, ನಾಚಿಕೆ ಇರಬಹುದು. ಇವತ್ತು ಮೈಕಿನಲ್ಲಿ ಹೇಳಿದ್ದೇನೆ, ಅಡುಗೆ ಪಾತ್ರೆಗಳ ಸದ್ದಿನ ನಡುವೆ ಅವನಿಗೆ ಕೇಳಿಸಿದ್ದರೆ ಸರಿ. ಇಲ್ಲದಿದ್ದರೆ ಈ ಪುಸ್ತಕದಲ್ಲಾದರೂ ಓದುತ್ತಾನೆ.

ಇನ್ನು ಆಟದ ಮುಂದಿನ ಭಾಗ. ಇದನ್ನು ನಾನು ಕೆಲಸಕ್ಕೆ ಸೇರಿದ ಮೇಲೆ ಓದಿ ಕಲಿತದ್ದು. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆಲಸ ಮಾಡುತ್ತಿದ್ದ ಜಾನ್ ಬೆಂಟ್ಲಿ ಎಂಬವರು 1986ರಲ್ಲಿ 'ಪ್ರೋಗ್ರಾಮಿಂಗ್ ಪರ್ಲ್ಸ್' ಎಂಬ ಪುಸ್ತಕ ಪ್ರಕಟಿಸಿದರು. ಅದರ ಎರಡನೇ ಅಧ್ಯಾಯದಲ್ಲಿ ಇಂಥದೇ ಪ್ರಶ್ನೆ ಇದೆ: ಡಿಕ್ಷನರಿಯಲ್ಲಿ ಒಂದೇ ಅಕ್ಷರಗಳಿಂದ ಆದ ಪದಗಳ ಗುಂಪುಗಳನ್ನೆಲ್ಲ ಹುಡುಕುವುದು ಹೇಗೆ? ಉತ್ತರ ನಮ್ಮ ಬೆಳಗಿನ ಪ್ರಾರ್ಥನೆಯ ಸಾಲಿನಂತೆ ಇದೆ. ಮಕ್ಕಳು ಎಲ್ಲಿ ಹೇಗೆ ಆಡುತ್ತಿದ್ದರೂ ಗಂಟೆ ಹೊಡೆದ ಕೂಡಲೇ ಎತ್ತರದ ಪ್ರಕಾರ ಸಾಲು ನಿಲ್ಲುತ್ತಾರಲ್ಲ, ಹಾಗೆ ಪ್ರತಿ ಪದದ ಅಕ್ಷರಗಳನ್ನೂ ಎ ಯಿಂದ ಝಡ್‌ವರೆಗಿನ ಕ್ರಮದಲ್ಲಿ ನಿಲ್ಲಿಸಿಬಿಡಿ. ಎಜುಕೇಷನ್ ಸಾಲು ನಿಂತರೆ ಎ, ಸಿ, ಡಿ, ಇ, ಐ, ಎನ್, ಓ, ಟಿ, ಯು. ಇದು ಆ ಪದದ ವಿಳಾಸ. ಯಾವ ಯಾವ ಪದಗಳು ಸಾಲು ನಿಂತಾಗ ಇದೇ ರೀತಿ ಕಾಣುತ್ತವೋ ಅವೆಲ್ಲ ಒಂದೇ ಮನೆಯವು. ಜೋಡಣೆ ಮಾಡುವ ತಾಪತ್ರಯವೇ ಇಲ್ಲ, ವಿಳಾಸ ನೋಡಿ ಬಾಗಿಲು ತಟ್ಟಿದರಾಯಿತು.

ಈ ಪ್ರೋಗ್ರಾಂ ಬರೆದ ರಾತ್ರಿ ನಾನು ಮೊದಲು ಹಾಕಿ ನೋಡಿದ್ದು ಎಂಟನೇ ತರಗತಿಯ ಆ ಪದವನ್ನೇ. ಎಜುಕೇಷನ್ ಮನೆಯೊಳಗೆ ಇನ್ನೂ ಇಬ್ಬರಿದ್ದರು. ಒಂದು 'ಕಾಷನ್ಡ್', ಅಂದರೆ ಎಚ್ಚರಿಕೆ ಪಡೆದ. ಇನ್ನೊಂದು 'ಆಕ್ಷನ್ಡ್', ಹರಾಜಾದ. ಆಕ್ಷನ್ ಎಂದು ಬರೆದು ಕೂತವನು ಕೊನೆಗೆ ಒಂದು ಇ, ಒಂದು ಡಿ ಸೇರಿಸಿದ್ದರೆ ಒಂಬತ್ತೂ ಅಕ್ಷರ ಮುಗಿಯುತ್ತಿತ್ತು, ಪೆನ್ನು ನನ್ನದಾಗುತ್ತಿತ್ತು. ಶಿಕ್ಷಣವೂ ಹರಾಜೂ ಒಂದೇ ಮನೆಯಲ್ಲಿರುವುದರ ಬಗ್ಗೆ ನಾನು ಏನೂ ಹೇಳುವುದಿಲ್ಲ, ಕಾಲೇಜು ಸೀಟಿಗಾಗಿ ಅಲೆದ ತಂದೆತಾಯಂದಿರು ಇಲ್ಲಿ ಬಹಳ ಜನ ಇದ್ದೀರಿ.

ನನ್ನ ವಯಸ್ಸಿನವರಿಗೆ ಇನ್ನೊಂದು ಉದಾಹರಣೆ. ಹಳೆಯ ಬಟನ್ ಮೊಬೈಲಿನಲ್ಲಿ 4, 6, 6, 3 ಒತ್ತಿದರೆ 'ಗುಡ್' ಬರಬೇಕಾದ ಕಡೆ 'ಹೋಮ್' ಬರುತ್ತಿತ್ತು, ನೆನಪಿದೆಯಾ? ನಾಲ್ಕರ ಗುಂಡಿಯಲ್ಲಿ ಜಿ, ಎಚ್ ಎರಡೂ ಇವೆ. ಆರರಲ್ಲಿ ಎಂ, ಎನ್, ಓ. ಮೂರರಲ್ಲಿ ಡಿ, ಇ. ಹಾಗಾಗಿ ಗುಡ್, ಹೋಮ್, ಗಾನ್ ಮೂರಕ್ಕೂ ಒಂದೇ ವಿಳಾಸ. ಅಲ್ಲೂ ನಡೆದದ್ದು ಇದೇ ಉಪಾಯ, ವಿಳಾಸ ಮಾಡುವ ರೀತಿ ಮಾತ್ರ ಬೇರೆ.

ಅಕ್ಷರ ಕೊಟ್ಟು ಕೇಳುವ ಪ್ರಶ್ನೆಯಲ್ಲಿ ಇನ್ನೊಂದು ಬಗೆ ಇದೆ. ಬಹಳ ಜನ ಇವೆರಡನ್ನೂ ಕಲಸಿಬಿಡುತ್ತಾರೆ. ಇಲ್ಲಿಯವರೆಗೆ ಹೇಳಿದ್ದು 'ಈ ಅಕ್ಷರಗಳನ್ನು ಬಿಟ್ಟು ಬೇರೆ ಬಳಸುವ ಹಾಗಿಲ್ಲ' ಎಂಬ ಆಟ. ಇನ್ನೊಂದು, 'ಈ ಅಕ್ಷರಗಳು ಇರಲೇಬೇಕು, ಜೊತೆಗೆ ಬೇರೆಯವೂ ಇರಬಹುದು' ಎಂಬುದು. ಉದಾಹರಣೆಗೆ ಎ, ಇ, ಐ, ಓ, ಯು ಐದೂ ಸ್ವರಗಳಿರುವ ಪದ ಯಾವುದು? ಇದಕ್ಕೆ ದಾಸ್ತಾನು ಪುಸ್ತಕ ಬೇಡ, ಹಾಜರಿ ಪುಸ್ತಕ ಸಾಕು. ಇಪ್ಪತ್ತಾರು ಮಕ್ಕಳ ಒಂದು ತರಗತಿ ಎಂದುಕೊಳ್ಳಿ. ಪ್ರತಿ ಪದವೂ ಒಂದು ದಿನ. ಆ ದಿನ ಬಂದವರಿಗೆ 1, ಬಾರದವರಿಗೆ 0. ಕಂಪ್ಯೂಟರಿನಲ್ಲಿ ಈ ಇಪ್ಪತ್ತಾರು ಗುರುತುಗಳೂ ಸೇರಿ ಒಂದೇ ಒಂದು ಸಂಖ್ಯೆಯಾಗಿ ಕೂರುತ್ತವೆ, ಹಾಗಾಗಿ ಐದೂ ಜನ ಬಂದಿದ್ದಾರಾ ಎಂದು ಒಂದೇ ಏಟಿಗೆ ನೋಡಬಹುದು, ಒಬ್ಬೊಬ್ಬರ ಹೆಸರು ಕೂಗಬೇಕಿಲ್ಲ.

ಎಜುಕೇಷನ್ ಇಲ್ಲೂ ಪಾಸು. ಗಣಿತದ ಈಕ್ವೇಷನ್ ಪಾಸು. ಸಿನಿಮಾದ ಡೈಲಾಗ್ ಪಾಸು, ಆದರೆ ಕೊನೆಯ ಯು, ಇ ಬಿಡದೆ ಬರೆದರೆ ಮಾತ್ರ. ತರಕಾರಿ ಅಂಗಡಿಯ ಕಾಲಿಫ್ಲವರ್, ಆಸ್ಪತ್ರೆಯ ನ್ಯುಮೋನಿಯಾ. 'ಬಿಹೇವಿಯರ್' ನಾವು ಬರೆಯುವ ಇಂಗ್ಲೆಂಡಿನ ರೀತಿಯಲ್ಲಿ ಪಾಸು, ಅಮೆರಿಕದವರು ಅದರಲ್ಲಿ ಯು ಬಿಟ್ಟಿರುವುದರಿಂದ ಅಲ್ಲಿ ಫೇಲು. ಐದೂ ಸ್ವರ ವರ್ಣಮಾಲೆಯ ಕ್ರಮದಲ್ಲೇ ಬರುವ ಪದವೂ ಇದೆ, 'ಫೆಸೀಷಿಯಸ್', ಅಂದರೆ ಎಲ್ಲದಕ್ಕೂ ತಮಾಷೆ ಮಾಡುವವನು. ಪ್ರತಿ ತರಗತಿಯಲ್ಲೂ ಒಬ್ಬ ಇರುತ್ತಾನೆ.

ಇಲ್ಲೇ ನಾನು ಮತ್ತೆ ಎಡವಿದ್ದು. ಹಾಜರಿ ಪುಸ್ತಕ ಇಷ್ಟು ವೇಗವಾಗಿದೆಯಲ್ಲ, ಮೊದಲನೆಯ ಆಟಕ್ಕೂ ಇದನ್ನೇ ಬಳಸೋಣ ಎಂದು ಒಮ್ಮೆ ಹೊರಟೆ. ಕೋಕೊನಟ್ ಹಾಕಿದೆ. ಪರದೆಯ ಮೇಲೆ ಬಂದ ಪಟ್ಟಿಯಲ್ಲಿ ಕೊಕೂನ್! ಹಾಜರಿ ಪುಸ್ತಕಕ್ಕೆ ಗೊತ್ತಿರುವುದು ಓ ಬಂದಿದ್ದಾನೆ ಎಂದು ಮಾತ್ರ, ಎಷ್ಟು ಓ ಬಂದಿವೆ ಎಂದಲ್ಲ. ಒಂಬತ್ತನೇ ತರಗತಿಯಲ್ಲಿ ನಾನು ಮಾಡಿದ ತಪ್ಪನ್ನೇ ನನ್ನ ಪ್ರೋಗ್ರಾಮೂ ಮಾಡಿತ್ತು. ಔಟ್ ಕೊಡಲು ಪಕ್ಕದಲ್ಲಿ ಅಂಪೈರ್ ಇರಲಿಲ್ಲ ಅಷ್ಟೇ. ಈಗ ಮೊದಲು ಹಾಜರಿ ನೋಡಿ ಬೇಡದ್ದನ್ನು ಬೇಗ ತಳ್ಳುತ್ತೇನೆ, ಉಳಿದ ಕೆಲವಕ್ಕೆ ಮಾತ್ರ ದಾಸ್ತಾನು ತೆಗೆಯುತ್ತೇನೆ.

ಪ್ರೋಗ್ರಾಂ ಬರೆಯಲು ಬಾರದವರೂ ಇದನ್ನು ಮಾಡಬಹುದು. 'ಗ್ರೆಪ್' ಎಂಬ ಸಣ್ಣ ಸಲಕರಣೆ ಇದೆ, 1970ರ ದಶಕದ ಆರಂಭದಲ್ಲಿ ಕೆನ್ ಥಾಮ್ಸನ್ ಬರೆದದ್ದು, ಇವತ್ತಿಗೂ ನಾವೆಲ್ಲ ದಿನಾ ಬಳಸುತ್ತೇವೆ. ಅದು ಒಂದು ಜರಡಿ. ಪದಪಟ್ಟಿ ಸುರಿದು 'ಎ' ಇರುವುದನ್ನು ಮಾತ್ರ ಉಳಿಸು ಎಂದರೆ ಉಳಿಸುತ್ತದೆ. ಉಳಿದದ್ದನ್ನು ಇನ್ನೊಂದು ಜರಡಿಗೆ ಸುರಿಯಿರಿ. ಆದರೆ ಯಾವ ಜರಡಿ ಮೊದಲು ಎಂಬುದರಲ್ಲಿ ಜಾಣತನ ಇದೆ. ಅಪರೂಪದ ಅಕ್ಷರವನ್ನು ಮೊದಲು ಕೇಳಬೇಕು. ಕ್ಯೂ, ಝಡ್ ಎರಡೂ ಇರುವ ಪದ ಬೇಕಾದರೆ ಮೊದಲು ಕ್ಯೂ ಕೇಳಿ, ರಾಶಿಯೆಲ್ಲ ಅಲ್ಲೇ ಉದುರಿಹೋಗುತ್ತದೆ. ಮಿಕ್ಕಿದ್ದರಲ್ಲಿ ಕ್ವಿಜ್, ಸ್ಕ್ವೀಜ್, ಕ್ವಾರ್ಟ್ಜ್ ಕಣ್ಣಿಗೇ ಕಾಣುತ್ತವೆ. ಸ್ವರಗಳಲ್ಲಾದರೆ ಯು ಮೊದಲು, ಇ ಕೊನೆಗೆ.

ಯಾವುದು ಅಪರೂಪ, ಯಾವುದು ಸಾಮಾನ್ಯ ಎಂದು ಜನ ಹಿಂದೆಯೇ ಎಣಿಸಿದ್ದಾರೆ. ಇಲ್ಲಿರುವ ಹಿರಿಯರಿಗೆ ಅಂಚೆ ಕಚೇರಿಯ ತಂತಿ ನೆನಪಿರುತ್ತದೆ, ನಮ್ಮ ದೇಶದಲ್ಲಿ ಅದು 2013ರ ಜುಲೈನಲ್ಲಿ ನಿಂತಿತು. ಅದರ ಮೋರ್ಸ್ ಸಂಕೇತದಲ್ಲಿ ಇ ಗೆ ಒಂದೇ ಚುಕ್ಕೆ, ಯಾಕೆಂದರೆ ಅದು ಎಲ್ಲಕ್ಕಿಂತ ಹೆಚ್ಚು ಬರುವ ಅಕ್ಷರ. ಕ್ಯೂಗೆ ಎರಡು ಗೆರೆ, ಒಂದು ಚುಕ್ಕೆ, ಮತ್ತೊಂದು ಗೆರೆ. 1930ರ ದಶಕದಲ್ಲಿ ಅಮೆರಿಕದಲ್ಲಿ ಕೆಲಸ ಕಳೆದುಕೊಂಡು ಕೂತಿದ್ದ ಆಲ್ಫ್ರೆಡ್ ಬಟ್ಸ್ ಎಂಬ ವಾಸ್ತುಶಿಲ್ಪಿ ದಿನಪತ್ರಿಕೆಯ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬಂದಿದೆ ಎಂದು ಎಣಿಸಿ ಒಂದು ಆಟ ಮಾಡಿದ. 1948ರಲ್ಲಿ ಅದಕ್ಕೆ 'ಸ್ಕ್ರ್ಯಾಬಲ್' ಎಂದು ಹೆಸರು ಬಂತು. ನೂರು ಬಿಲ್ಲೆಗಳಲ್ಲಿ ಇ ಹನ್ನೆರಡು, ಒಂದೊಂದಕ್ಕೆ ಒಂದೇ ಅಂಕ. ಕ್ಯೂ ಒಂದೇ ಒಂದು, ಅದಕ್ಕೆ ಹತ್ತು ಅಂಕ. ನಮ್ಮ ಶಾಲೆಗೆ ಎರಡು ಸ್ಕ್ರ್ಯಾಬಲ್ ಡಬ್ಬಿ ತಂದಿದ್ದೇನೆ, ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿವೆ. ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ ಸಾರ್ ಎಂದು ಕೈಮುಗಿದು ಕೇಳುತ್ತೇನೆ. ಬಿಲ್ಲೆ ಕಳೆದುಹೋದರೆ ಹೊಸದು ಕಳಿಸುತ್ತೇನೆ.

"ಇದೇ ಆಟ ಕನ್ನಡದಲ್ಲಿ ಯಾಕೆ ಮಾಡಲಿಲ್ಲ?" ಎಂದು ಕನ್ನಡ ಮೇಡಂ ಆಗಲೇ ಕೇಳಿದರು. ಮಾಡಿದೆ ಮೇಡಂ, ಪೆಟ್ಟು ತಿಂದೆ. ವಾಲ್ಮೀಕಿಯ 'ಮರಾ ಮರಾ' ರಾಮ ರಾಮ ಆದದ್ದು ನಮಗೆಲ್ಲ ಗೊತ್ತು. ನದಿ ತಿರುಗಿಸಿದರೆ ದಿನ, ವನ ತಿರುಗಿಸಿದರೆ ನವ. ನಮ್ಮ ಕಣ್ಣಿಗೆ 'ದಿ' ಒಂದು ಅಕ್ಷರ, ಪತ್ರಿಕೆಯ ಪದಬಂಧದಲ್ಲೂ ಅದಕ್ಕೆ ಒಂದೇ ಚೌಕ. ಕಂಪ್ಯೂಟರಿಗೆ ಹಾಗಲ್ಲ, ಅಲ್ಲಿ 'ದ' ಬೇರೆ, ಗುಡಿಸು ಬೇರೆ. 'ತಿಪಟೂರು' ನಮಗೆ ನಾಲ್ಕಕ್ಷರ, ಅದಕ್ಕೆ ಏಳು. ನನ್ನ ಪ್ರೋಗ್ರಾಂ ಅದನ್ನು ಸಾಲು ನಿಲ್ಲಿಸಿದಾಗ ಟ, ತ, ಪ, ರ ಮುಂದೆ ಬಂದು ನಿಂತವು, ಗುಡಿಸು, ಕೊಂಬುಗಳೆಲ್ಲ ತಲೆಕಟ್ಟು ಕಳೆದುಕೊಂಡ ಅನಾಥರ ಹಾಗೆ ಹಿಂದೆ ಗುಂಪುಗೂಡಿದವು. ಮೊದಲು ಅವನ್ನು ತಮ್ಮ ತಮ್ಮ ವ್ಯಂಜನಕ್ಕೆ ಕಟ್ಟಿ, ಆಮೇಲೆ ಸಾಲು ನಿಲ್ಲಿಸಬೇಕು. ಒತ್ತಕ್ಷರ ಬಂದರೆ ಇನ್ನೂ ಸ್ವಲ್ಪ ಕೆಲಸ. ಅರ್ಧ ಆಗಿದೆ, ಮುಗಿಸಿದಾಗ ತಂದು ತೋರಿಸುತ್ತೇನೆ.

ಇಂಗ್ಲಿಷ್ ಕಷ್ಟ ಎನ್ನುವ ಮಕ್ಕಳಿಗೆ ಒಂದು ಮಾತು. ಈ ಆಟದಿಂದ ನನಗೆ ವ್ಯಾಕರಣ ಬರಲಿಲ್ಲ, ಮಾತಾಡಲು ಬರಲಿಲ್ಲ. ಅದಕ್ಕೆ ಬೆಂಗಳೂರಿನಲ್ಲಿ ಎರಡು ವರ್ಷ ಬಾಯಿ ಮುಚ್ಚಿಕೊಂಡು ಕೇಳಿಸಿಕೊಳ್ಳಬೇಕಾಯಿತು. ಬಂದದ್ದು ಏನೆಂದರೆ, ಚಪ್ಪಡಿಗೆ ಕೀಲುಗಳಿವೆ ಎಂಬ ಧೈರ್ಯ. ಮೇಷ್ಟ್ರು ಒಂದು ದಿನ ಐ, ಜಿ, ಎಚ್, ಟಿ ಬರೆದು ಮುಂದೆ ಒಂದು ಖಾಲಿ ಜಾಗ ಬಿಟ್ಟರು. ಎಲ್ ಇಟ್ಟರೆ ಲೈಟ್, ಎನ್ ಇಟ್ಟರೆ ನೈಟ್, ಆರ್ ಇಟ್ಟರೆ ರೈಟ್. ಎಫ್, ಎಂ, ಎಸ್, ಟಿ, ಎಲ್ಲವೂ ಕೂತವು. ಒಂದು ಪದ ಕಲಿತದ್ದಕ್ಕೆ ಏಳು ಪದ. ಆ ಜಿ, ಎಚ್ ಒಂದು ಕಾಲದಲ್ಲಿ ಉಚ್ಚಾರವಾಗುತ್ತಿತ್ತಂತೆ, ಆಮೇಲೆ ನಾಲಿಗೆ ಬಿಟ್ಟಿತು, ಬರವಣಿಗೆ ಬಿಡಲಿಲ್ಲ. 'ಲಿಸನ್' ಬರೆಯುವಾಗ ಮಧ್ಯದ ಟಿ ಮರೆಯುತ್ತೀರಾ? ಅದರ ಆರು ಅಕ್ಷರಗಳನ್ನು ಕದಲಿಸಿದರೆ 'ಸೈಲೆಂಟ್' ಆಗುತ್ತದೆ. ಟಿ ಇಲ್ಲದೆ ಸೈಲೆಂಟ್ ಆಗುವುದಿಲ್ಲ. ಲಿಸನ್‌ನಲ್ಲಿ ಆ ಟಿ ಸೈಲೆಂಟೇ ಅಲ್ಲವಾ, ಇನ್ನು ಮರೆಯುವುದಿಲ್ಲ.

ಊಟದ ಹೊತ್ತಾಯಿತು, ಹಿಂದಿನಿಂದ ಅಂಪೈರ್ ಕೈಸನ್ನೆ ಮಾಡುತ್ತಿದ್ದಾನೆ. ಹೋಗುವ ಮುಂಚೆ ಒಂದು ಪ್ರಶ್ನೆ ಕೊಡುತ್ತೇನೆ, ಸರಿಯಾಗಿ ಹೇಳಿದವರಿಗೆ ಅವನೇ ಒಂದು ಪೆನ್ನು ಕೊಡುತ್ತಾನೆ. 'ಟೀಚರ್'. ಟಿ, ಇ, ಎ, ಸಿ, ಎಚ್, ಇ, ಆರ್. ಇ ಎರಡಿದೆ, ದಾಸ್ತಾನು ನೋಡಿಕೊಳ್ಳಿ. ಏಳೂ ಅಕ್ಷರ ಬಳಸಿ ಎರಡು ಪದ ಮಾಡಬೇಕು. ಒಂದು ಜಮೀನಿನ ಅಳತೆ, ಕೃಷಿ ಇಲಾಖೆಯ ಕಾಗದಗಳಲ್ಲಿ ನಿಮ್ಮ ಅಪ್ಪಂದಿರು ನೋಡಿರುತ್ತಾರೆ. ಇನ್ನೊಂದನ್ನು ಇಷ್ಟು ಜನ ಗುರುಗಳು ಕೂತಿರುವ ವೇದಿಕೆಯ ಮೇಲೆ ನಿಂತು ನಾನು ಹೇಳಲಾರೆ.